ಹಣದ ಪಾಠ ಮುಗಿದ ಮೇಲೆ ವಿಶ್ವವಿದ್ಯಾಲಯ ಎಲ್ಲಿರುತ್ತದೆ?

ನಮಸ್ಕಾರ. ವಿಶ್ವವಿದ್ಯಾಲಯಗಳು ಜನರಿಗಾಗಿ ನಡೆಸುವ ಹಣಕಾಸು ಅರಿವಿನ ಕಾರ್ಯಕ್ರಮಗಳ ಮೇಲೆ ನನಗೊಂದು ತಕರಾರಿದೆ; ಇಂದಿನ ಸಂಚಿಕೆಯಲ್ಲಿ ಅದನ್ನೇ ಮಂಡಿಸುತ್ತೇನೆ. ಒಂದು ಸಭಾಂಗಣ, ಚಕ್ರಬಡ್ಡಿಯ ಒಂದು ಲೆಕ್ಕ, ತಿಂಗಳ ಆಯವ್ಯಯ ಬರೆದಿಡುವ ಒಂದು ನಮೂನೆ, ಕೊನೆಯಲ್ಲಿ ಪ್ರಮಾಣಪತ್ರ ಮತ್ತು ಗುಂಪು ಛಾಯಾಚಿತ್ರ. ವಾರ್ಷಿಕ ವರದಿಯಲ್ಲಿ ಇದು ಸಮುದಾಯ ಸಹಭಾಗಿತ್ವ ಎಂದು ದಾಖಲಾಗುತ್ತದೆ. ಆದರೆ ಇಂಥ ಪಾಠಗಳು ಜನರ ನಡವಳಿಕೆಯನ್ನು ಎಷ್ಟರಮಟ್ಟಿಗೆ ಬದಲಿಸುತ್ತವೆ ಎಂಬುದನ್ನು ವಿಶ್ವವಿದ್ಯಾಲಯಗಳ ಸಂಶೋಧಕರೇ ಅಳೆದು ನೋಡಿದ್ದಾರೆ. ಅವರ ಉತ್ತರ ಮಾತ್ರ ಆ ಸಭಾಂಗಣದ ಬಾಗಿಲವರೆಗೂ ಬಂದಂತಿಲ್ಲ.

2014ರಲ್ಲಿ ಡೇನಿಯಲ್ ಫೆರ್ನಾಂಡಿಸ್, ಜಾನ್ ಲಿಂಚ್ ಮತ್ತು ರಿಚರ್ಡ್ ನೆಟ್‌ಮೇಯರ್ ಎಂಬ ಮೂವರು ಸಂಶೋಧಕರು 201 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಜನರ ಹಣಕಾಸು ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಕೇವಲ ಶೇಕಡಾ 0.1ರಷ್ಟನ್ನು ಮಾತ್ರ ಇಂಥ ಶಿಕ್ಷಣ ವಿವರಿಸಬಲ್ಲದು ಎಂಬುದು ಅವರ ತೀರ್ಮಾನ. ಕಡಿಮೆ ಆದಾಯದವರಲ್ಲಿ ಪರಿಣಾಮ ಇನ್ನೂ ಕ್ಷೀಣವಾಗಿತ್ತು. ಹಲವು ತಾಸುಗಳ ಪಾಠವಾಗಿದ್ದರೂ 20 ತಿಂಗಳು ಕಳೆದ ಮೇಲೆ ಅದರ ಗುರುತು ಬಹುತೇಕ ಉಳಿದಿರಲಿಲ್ಲ. ಇದು ಕೊನೆಯ ಮಾತಲ್ಲ ಎಂಬುದನ್ನೂ ಹೇಳಬೇಕು. 2022ರಲ್ಲಿ ಪ್ರಕಟವಾದ ಮತ್ತೊಂದು ಸಮಗ್ರ ವಿಶ್ಲೇಷಣೆ, ಪಾಠ ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ 76 ಪ್ರಯೋಗಗಳನ್ನು ಪರಿಶೀಲಿಸಿ, ಹಣಕಾಸು ಶಿಕ್ಷಣದಿಂದ ತಿಳಿವಳಿಕೆಯೂ ನಡವಳಿಕೆಯೂ ಸರಾಸರಿಯಲ್ಲಿ ಸುಧಾರಿಸುತ್ತವೆ ಎಂದು ತೋರಿಸಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೆ ತೋರುವುದಿಷ್ಟು: ಪಾಠ ವ್ಯರ್ಥವಲ್ಲ, ಆದರೆ ಅದು ಯಾವಾಗ ಸಿಗುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ನಿರ್ಧಾರ ಕೈಗೊಳ್ಳುವ ಹೊತ್ತಿಗೆ ಸರಿಯಾಗಿ ಸಿಗುವ ತಿಳಿವಳಿಕೆಯೇ ಮೇಲೆಂದು 2014ರ ಆ ಮೂವರೂ ಸೂಚಿಸಿದ್ದರು.

ಇನ್ನು ಅಳೆಯುವುದಾದರೂ ಏನನ್ನು? ಅರ್ಥಶಾಸ್ತ್ರಜ್ಞೆಯರಾದ ಅನ್ನಮಾರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ರೂಪಿಸಿದ ಪ್ರಸಿದ್ಧವಾದ ಮೂರು ಪ್ರಶ್ನೆಗಳು ಬಡ್ಡಿ, ಹಣದುಬ್ಬರ ಮತ್ತು ಹೂಡಿಕೆಯ ಅಪಾಯವನ್ನು ಹಂಚುವ ಬಗೆಯ ಕುರಿತಾಗಿವೆ. ವ್ಯಕ್ತಿಗೆ ಏನು ಗೊತ್ತಿದೆ ಎಂಬುದನ್ನು ಅವು ಚೆನ್ನಾಗಿ ಅಳೆಯುತ್ತವೆ. 2015ರಲ್ಲಿ ಅಮೆರಿಕದ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆಯು ಸಿದ್ಧಪಡಿಸಿದ ಹತ್ತು ಪ್ರಶ್ನೆಗಳ ಮಾಪನ ಬೇರೆಯೇ ದಾರಿ ಹಿಡಿಯಿತು. ದಿನನಿತ್ಯದ ಖರ್ಚಿನ ಮೇಲೆ ಹಿಡಿತವಿದೆಯೇ, ಅನಿರೀಕ್ಷಿತವಾಗಿ ಬಂದೆರಗುವ ಖರ್ಚನ್ನು ತಾಳಿಕೊಳ್ಳುವ ಶಕ್ತಿಯಿದೆಯೇ, ಇಟ್ಟುಕೊಂಡ ಗುರಿಯತ್ತ ಸಾಗುತ್ತಿದ್ದೇವೆಯೇ, ಬದುಕನ್ನು ಸವಿಯುವ ಆಯ್ಕೆಗಳಿಗೆ ಸ್ವಲ್ಪವಾದರೂ ಅವಕಾಶ ಉಳಿದಿದೆಯೇ ಎಂಬುದು ಅದರ ಕಾಳಜಿ. ಮೊದಲನೆಯದರಲ್ಲಿ ಪೂರ್ಣಾಂಕ ಗಳಿಸಿ ಎರಡನೆಯದರಲ್ಲಿ ಸೋಲುವವರು ನಮ್ಮ ನಡುವೆ ಎಷ್ಟೋ ಮಂದಿ ಇರುತ್ತಾರೆ. ಹಣಕಾಸು ವಿಭಾಗದ ಪ್ರಾಧ್ಯಾಪಕರೂ ಅವರಲ್ಲಿರಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕಾಸು ಉಪನ್ಯಾಸಗಳಿಗೆ ಬಲು ಪ್ರಿಯವಾದದ್ದು. ಹಾಸಿಗೆಯೇ ಗಿಡ್ಡವಾಗಿರುವವರಿಗೆ ಅದರಿಂದ ದೊರೆಯುವ ಬೋಧೆ ಏನೆಂಬುದು ನನಗೆ ಈವರೆಗೂ ಅರ್ಥವಾಗಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರಾದ ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತವರ ಸಹೋದ್ಯೋಗಿಗಳು ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಸುಗ್ಗಿಗೆ ಮೊದಲು ಮತ್ತು ಅನಂತರ ಪರೀಕ್ಷಿಸಿದಾಗ, ಕೈ ಬರಿದಾಗಿದ್ದ ದಿನಗಳಲ್ಲಿ ಅದೇ ರೈತರು ಗಮನ ಮತ್ತು ತರ್ಕದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದು ಕಂಡುಬಂತು. ಅಮೆರಿಕದಲ್ಲಿ ಸಂಬಳದ ದಿನದ ಹಿಂದುಮುಂದೆ ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವಾದ್ದರಿಂದ, ಈ ಚರ್ಚೆ ಮುಗಿಯಿತೆಂದು ನಾನು ಹೇಳಲಾರೆ. ಹಾಗಿದ್ದರೂ ಸಾಲದ ಕಂತಿನ ಚಿಂತೆಯಲ್ಲಿ ರಾತ್ರಿ ಕಳೆದವರ ಮುಂದೆ, ಬೆಳಿಗ್ಗೆ ನಿವೃತ್ತಿ ಯೋಜನೆಯ ಮೇಲೆ ಎರಡು ತಾಸು ಮಾತನಾಡುವುದು ಅವರ ಸ್ಥಿತಿಯನ್ನು ಅರಿತವರ ಕೆಲಸವಲ್ಲ ಎನ್ನಲು ಯಾವ ಪ್ರಯೋಗಶಾಲೆಯ ಸಾಕ್ಷ್ಯವೂ ಬೇಕಾಗಿಲ್ಲ.

ಪಾಠವೇ ಇಲ್ಲದೆ ನಡವಳಿಕೆ ಬದಲಾದ ಉದಾಹರಣೆಯೂ ಇದೆ. ಸಂಶೋಧಕರಾದ ಬ್ರಿಜಿಟ್ ಮೇಡ್ರಿಯನ್ ಮತ್ತು ಡೆನಿಸ್ ಶೇ 2001ರಲ್ಲಿ ವರದಿ ಮಾಡಿದಂತೆ, ಅಮೆರಿಕದ ಒಂದು ಕಂಪನಿಯು ನಿವೃತ್ತಿ ಉಳಿತಾಯ ಯೋಜನೆಗೆ ಹೊಸ ನೌಕರರನ್ನು ತಾನಾಗಿಯೇ ಸೇರಿಸಿ, ಬೇಡವೆಂದವರು ಹೊರಬರಬಹುದು ಎಂದು ನಿಯಮ ಬದಲಿಸಿದಾಗ, ಸೇರಿದವರ ಪ್ರಮಾಣ ಶೇಕಡಾ 49ರಿಂದ 86ಕ್ಕೆ ಏರಿತು. ಅರ್ಜಿಯ ನಮೂನೆ ಹೇಗಿದೆ ಎಂಬುದು ಎಷ್ಟೋ ಸಲ ಉಪನ್ಯಾಸಕ್ಕಿಂತ ಪ್ರಬಲ.

ಹಾಗಾದರೆ ವಿಶ್ವವಿದ್ಯಾಲಯ ಮಾಡಬೇಕಾದದ್ದೇನು? 1884ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಹೆನ್ರಿಯೆಟ್ಟಾ ಬಾರ್ನೆಟ್ ದಂಪತಿ ಪೂರ್ವ ಲಂಡನ್ನಿನ ಬಡವರ ಕೇರಿಯಲ್ಲಿ ಟಾಯ್ನ್‌ಬೀ ಹಾಲ್ ಎಂಬ ಸಂಸ್ಥೆಯನ್ನು ಆರಂಭಿಸಿದಾಗ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಯುವಕರು ಅಲ್ಲಿಗೆ ಭಾಷಣ ಮಾಡಿ ಮರಳಲೆಂದು ಬಂದವರಲ್ಲ, ಅಲ್ಲೇ ನೆಲೆಸಲು ಬಂದವರು. ಆ ಸಂಸ್ಥೆ ಇಂದಿಗೂ ಸಾಲದ ಸಂಕಷ್ಟದಲ್ಲಿರುವವರಿಗೆ ಸಲಹೆ ನೀಡುತ್ತದೆ. 2006ರಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನವು ಸಮುದಾಯದೊಂದಿಗೆ ತೊಡಗಿಕೊಂಡ ವಿಶ್ವವಿದ್ಯಾಲಯಗಳನ್ನು ಗುರುತಿಸಲು ಆರಂಭಿಸಿದಾಗ, ಎರಡೂ ಕಡೆಯವರಿಗೆ ಪ್ರಯೋಜನವಾಗುವ ಕೊಡುಕೊಳ್ಳುವಿಕೆಯನ್ನೇ ಮುಖ್ಯ ಲಕ್ಷಣವಾಗಿ ಇಟ್ಟಿತು. ಜನ ಕುರ್ಚಿಯಲ್ಲಿ ಕೂತು ಕೇಳುವುದಷ್ಟೇ ಅವರ ಪಾಲಾದರೆ, ಅಲ್ಲಿ ಕೊಡುವುದಿದೆ, ಕೊಳ್ಳುವುದಿಲ್ಲ.

ನನ್ನ ಸಲಹೆ ಸರಳವಾದದ್ದು, ಆದರೆ ಅಗ್ಗದ್ದಲ್ಲ. ಕಾರ್ಯಕ್ರಮಗಳ ಬದಲು ವರ್ಷವಿಡೀ ತೆರೆದಿರುವ ಒಂದು ಸಲಹಾ ಮೇಜು ಇರಲಿ. ಸಾಲಪತ್ರಕ್ಕೆ ಸಹಿ ಹಾಕುವ ಮುನ್ನಾದಿನ, ಮೊದಲ ಸಂಬಳ ಕೈಸೇರಿದ ವಾರ, ಮನೆಯ ದುಡಿಯುವ ಜೀವ ಇಲ್ಲವಾಗಿ ವಿಮೆಯ ಕಾಗದಗಳು ಮುಂದೆ ಹರಡಿಕೊಂಡಿರುವಾಗ, ಯಾರು ಬೇಕಾದರೂ ಬಂದು ಕೂರುವಂತಿರಲಿ. ಮೇಲ್ವಿಚಾರಣೆಯಲ್ಲಿ ತರಬೇತಾದ ವಿದ್ಯಾರ್ಥಿಗಳು ಅಲ್ಲಿ ಕೆಲಸ ಮಾಡಬಹುದು. ಅಮೆರಿಕದಲ್ಲಿ ಕಡಿಮೆ ಆದಾಯದವರ ತೆರಿಗೆ ವಿವರಗಳನ್ನು ಉಚಿತವಾಗಿ ಭರ್ತಿ ಮಾಡಿಕೊಡುವ ಸ್ವಯಂಸೇವಾ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ದಶಕಗಳಿಂದ ಪಾಲ್ಗೊಳ್ಳುತ್ತ ಬಂದಿದ್ದಾರೆ. ಒಂದು ಷರತ್ತು ಮಾತ್ರ ಸಡಿಲವಾಗಬಾರದು: ಸಾಲ, ವಿಮೆ, ಹೂಡಿಕೆ ಮಾರುವ ಸಂಸ್ಥೆಗಳ ಹಣದಲ್ಲಿ ಆ ಮೇಜು ನಡೆಯಕೂಡದು. ಸಲಹೆಗೂ ಮಾರಾಟಕ್ಕೂ ನಡುವಿನ ಗೆರೆಯನ್ನು ಕಷ್ಟದಲ್ಲಿರುವವರೇ ಹುಡುಕಿಕೊಳ್ಳಲಿ ಎಂದು ಬಿಡುವುದು ಅನ್ಯಾಯ.

ಇದಕ್ಕೆ ಮೊದಲು ವಿಶ್ವವಿದ್ಯಾಲಯ ತನ್ನ ಆವರಣದೊಳಗೂ ನೋಡಬೇಕಾಗುತ್ತದೆ. ಶುಲ್ಕ ನಿಗದಿ ಮಾಡುವುದು, ಅದರ ಗಡುವು ಇಡುವುದು, ವಿದ್ಯಾರ್ಥಿವೇತನವನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಅಥವಾ ಕೊಡದಿರುವುದು, ತಾತ್ಕಾಲಿಕ ಬೋಧಕರಿಗೆ ರಜೆಯ ತಿಂಗಳುಗಳಲ್ಲಿ ಸಂಬಳ ನಿಲ್ಲಿಸುವುದು, ಇವೆಲ್ಲವೂ ಅದರದೇ ನಿರ್ಧಾರಗಳು. ವಿದ್ಯಾರ್ಥಿಯ ಹಣಕಾಸು ಒತ್ತಡದಲ್ಲಿ ತಾನೂ ಒಬ್ಬ ಕಕ್ಷಿದಾರ ಎಂಬುದನ್ನು ಮರೆತು, ಅದೇ ವಿದ್ಯಾರ್ಥಿಗೆ ತುರ್ತುನಿಧಿ ಕೂಡಿಡುವಂತೆ ಬೋಧಿಸುವ ಸಂಸ್ಥೆಯನ್ನು ನಾನು ಗಂಭೀರವಾಗಿ ಪರಿಗಣಿಸಲಾರೆ.

ಪ್ರಾಧ್ಯಾಪಕರ ಬಡ್ತಿಯಲ್ಲಿ ಪ್ರಬಂಧಗಳಿಗೆ ಅಂಕವಿದೆ, ಸಲಹಾ ಮೇಜಿನ ಸಂಜೆಗಳಿಗೆ ಇಲ್ಲ. ಅದು ಬದಲಾಗದೆ ಉತ್ಸಾಹಿಗಳು ಒಂದೆರಡು ವರ್ಷಗಳಲ್ಲಿ ದಣಿದು ಬಿಟ್ಟುಹೋಗುತ್ತಾರೆ. ಜೊತೆಗೆ ಲೆಕ್ಕವಿಡುವ ಕ್ರಮವೂ ಬದಲಾಗಬೇಕು. ಎಷ್ಟು ಮಂದಿ ಹಾಜರಿದ್ದರು ಎಂಬ ಕಾಲಂ ಅನ್ನು ತೆಗೆದುಹಾಕಿ, ಸಲಹೆ ಪಡೆದವರ ಒಪ್ಪಿಗೆಯೊಂದಿಗೆ ಎರಡು ವರ್ಷಗಳ ಅನಂತರ, ಮೇಲೆ ಹೇಳಿದ ಅಮೆರಿಕದ ಮಾಪನದ ಹತ್ತು ಪ್ರಶ್ನೆಗಳನ್ನು ಮತ್ತೆ ಕೇಳಲಿ. ಬಂದ ಉತ್ತರವನ್ನು ನಿಯತಕಾಲಿಕೆಗೆ ಕಳುಹಿಸುವ ಮೊದಲು ಉತ್ತರಿಸಿದವರ ಮುಂದಿಟ್ಟು, ಮೇಜನ್ನು ಮುಂದುವರಿಸಬೇಕೇ, ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ ಎಂಬುದನ್ನು ಅವರಿಂದಲೇ ಕೇಳಿ ತೀರ್ಮಾನಿಸಲಿ.