ರವೆ ಡಬ್ಬಿಯ ಕೆಂಪು ಹುಳು

ಕೇಳುಗರಿಗೆ ನಮಸ್ಕಾರ.

ಹೋದ ವಾರ ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಿನ ಉಪ್ಪಿಟ್ಟು ತಪ್ಪಿಹೋಯಿತು. ಒಗ್ಗರಣೆ ಆಗಿತ್ತು, ರವೆ ಡಬ್ಬಿ ತೆಗೆದರೆ ಒಳಗೆ ಹುಳು. ನನ್ನವಳು ಜರಡಿ ತಂದಳು, ನಾನು ಲೆನ್ಸ್ ತಂದೆ. ಬೈಸಿಕೊಂಡವರು ಯಾರು ಅಂತ ಬೇರೆ ಹೇಳಬೇಕಾ?

ಮೊದಲು ಮೂತಿ ನೋಡಿದೆ. ಅಕ್ಕಿ ಕೊರೆಯುವ ಹುಳುವಿಗೆ ಸೊಂಡಿಲಿನ ಹಾಗೆ ಮೂತಿ ಇರುತ್ತದೆ. ಇದಕ್ಕೆ ಇಲ್ಲ. ಚಪ್ಪಟೆ ಮೈ, ಕೆಂಗಂದು ಬಣ್ಣ, ಉದ್ದ 3ರಿಂದ 4 ಮಿಲಿಮೀಟರ್. ಗಟ್ಟಿ ಕಾಳು ಇದರ ಕೈಲಿ ಆಗುವುದಿಲ್ಲ. ನುಚ್ಚು, ರವೆ, ಹಿಟ್ಟು ಬೇಕು. ಮಂಡ್ಯದ ಕಡೆ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ರಾಗಿಗೂ, ಮಿಲ್ಲಿಗೆ ಹೋಗಿ ಹಿಟ್ಟಾಗಿ ಬಂದ ಮೇಲೆ ಇದರ ಕಾಟ ಶುರು.

ಮುಂದಿನ ನಾಲ್ಕು ಕಾಲುಗಳ ಪಾದದಲ್ಲಿ ಐದೈದು ಗೆಣ್ಣು, ಹಿಂದಿನ ಎರಡರಲ್ಲಿ ನಾಲ್ಕೇ. ಕತ್ತಲಲ್ಲಿ ಅಡಗುವ ಟೆನೆಬ್ರಿಯಾನಿಡೇ ಕುಟುಂಬದ ಜೀರುಂಡೆ ಇದು. ಸುಮಾರು 20,000 ಜಾತಿಗಳ ದೊಡ್ಡ ಸಂಸಾರ.

ಇಲ್ಲಿಂದ ತಲೆನೋವು. ಹಿಟ್ಟಿನಲ್ಲಿ ಸಿಗುವ ಅಣ್ಣತಮ್ಮಂದಿರು ಇಬ್ಬರು. ಒಬ್ಬ ಟ್ರೈಬೋಲಿಯಂ ಕ್ಯಾಸ್ಟೇನಿಯಂ, 1797ರಲ್ಲಿ ಹೆರ್ಬ್‌ಸ್ಟ್ ಎಂಬಾತ ಹೆಸರಿಟ್ಟದ್ದು. ಇನ್ನೊಬ್ಬನನ್ನು ಜನ ಬಹಳ ಕಾಲ ಇವನೇ ಅಂದುಕೊಂಡಿದ್ದರು. ಅದಕ್ಕೇ ಅವನಿಗೆ ಕನ್‌ಫ್ಯೂಸಂ ಅಂತಲೇ ಹೆಸರು ಬಿತ್ತು! ಬಣ್ಣ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೀಸೆ ನೋಡಬೇಕು. ಕ್ಯಾಸ್ಟೇನಿಯಂ ಮೀಸೆಯ ಕೊನೆಯ ಮೂರು ಗೆಣ್ಣು ಇದ್ದಕ್ಕಿದ್ದಂತೆ ದಪ್ಪ, ಗದೆಯ ಹಾಗೆ. ಕನ್‌ಫ್ಯೂಸಂ ಮೀಸೆ ತುದಿಯ ಕಡೆಗೆ ಮೆಲ್ಲಗೆ ದಪ್ಪವಾಗುತ್ತಾ ಹೋಗುತ್ತದೆ. ನನ್ನ ಲೆನ್ಸಿನ ಕೆಳಗೆ ಕಂಡದ್ದು ಗದೆ.

ಕ್ಯಾಸ್ಟೇನಿಯಂ ಬಿಸಿ ನಾಡಿನ ಹುಳು, ಮೂಲ ನಮ್ಮ ಭಾರತದ ಸುತ್ತಮುತ್ತಲಿನದೇ ಅನ್ನುತ್ತಾರೆ. ಕನ್‌ಫ್ಯೂಸಂ ಆಫ್ರಿಕದ್ದು, ಈಗ ತಂಪು ದೇಶಗಳಲ್ಲಿ ಜಾಸ್ತಿ. ಹಾಗಂತ ಮೈಸೂರಲ್ಲಿ ಸಿಕ್ಕಿತು, ಇಂಥದ್ದೇ ಇರಬೇಕು ಅಂತ ಸುಮ್ನೆ ಹೇಳಿಬಿಡುವ ಹಾಗಿಲ್ಲ. ಧಾನ್ಯದ ಮೂಟೆಗಳ ಜೊತೆ ಎರಡೂ ಹಡಗು ಹತ್ತಿ ಲೋಕವೆಲ್ಲ ಸುತ್ತಿವೆ. ಮೀಸೆ ನೋಡಲೇಬೇಕು.

ಇನ್ನೊಂದು ಗುರುತಿದೆ. ಕ್ಯಾಸ್ಟೇನಿಯಂ ಸೆಕೆ ಇದ್ದರೆ ಹಾರುತ್ತದೆ, ಕನ್‌ಫ್ಯೂಸಂ ಹಾರುವುದಿಲ್ಲ. ಸಂಜೆ ನಾಲ್ಕು ಹುಳುಗಳನ್ನು ಕಿಟಕಿ ಹತ್ತಿರ ತಟ್ಟೆಯಲ್ಲಿಟ್ಟು ಕಾದೆ. ಮೂರು ಸುಮ್ನೆ ಓಡಾಡಿದವು. ಒಂದು ರೆಕ್ಕೆ ಬಿಚ್ಚಿ ಹಾರಿಯೇಬಿಟ್ಟಿತು.

ರವೆ ಮೂಸಿದರೆ ಘಾಟು. ಈ ಹುಳುಗಳು ಕ್ವಿನೋನ್ ಎಂಬ ರಸ ಬಿಡುತ್ತವೆ, ಜಾಸ್ತಿಯಾದರೆ ಹಿಟ್ಟು ನಸುಗೆಂಪಾಗುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಸುರಿದೆವು. ಉಳಿದ ಮೂರು ಹುಳು ಮಾತ್ರ ಖಾಲಿ ಮಾತ್ರೆ ಶೀಶೆಯಲ್ಲಿ ನನ್ನ ಮೇಜಿನ ಮೇಲಿವೆ. ನನ್ನವಳು ಈಗ ರೇಡಿಯೋ ಹಾಕಿಲ್ಲದಿದ್ದರೆ ಸಾಕು.

ನಮಸ್ಕಾರ.