ಟ್ಯೂಬ್ಯುಲರ್ ಬೆಲ್ಸ್: ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ

ಇಂಗ್ಲಿಷ್ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್ ಅವರ ಆಲ್ಬಂ ‘ಟ್ಯೂಬ್ಯುಲರ್ ಬೆಲ್ಸ್’ ಅಂದ ತಕ್ಷಣ ‘ಓ, ದೆವ್ವದ ಸಿನಿಮಾ ಮ್ಯೂಸಿಕ್ಕಾ?’ ಅಂತಾರೆ. ಪಾಪ, ಅದರ ಹಣೆಬರಹ! ಆಲ್ಬಂ ಬಂದದ್ದು 1973ರ ಮೇ ತಿಂಗಳಲ್ಲಿ. ಅದನ್ನ ಬಳಸಿಕೊಂಡ ದೆವ್ವದ ಸಿನಿಮಾ ‘ದಿ ಎಕ್ಸಾರ್ಸಿಸ್ಟ್’ ತೆರೆಕಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹೆದರಿಸೋಕೆ ಮಾಡಿದ ಸಂಗೀತವೇ ಅಲ್ಲ ಇದು.

ಹಾಗಾದ್ರೆ ಶುರುವಿನ ಆ ಪಿಯಾನೊ ಯಾಕೆ ಕಾಡುತ್ತೆ? ಲೆಕ್ಕ ಹಾಕಿ ನೋಡಿ. ಪಿಯಾನೊದ ‘ಎ’ ಸ್ವರವನ್ನ ಷಡ್ಜ (ಸ) ಅಂದುಕೊಳ್ಳಿ. ಪ ಸ ಪ ರಿ ಪ ನಿ ಸ: ಏಳು. ಪ ಗ ಪ ಮ ಪ ರಿ ಗ: ಮತ್ತೆ ಏಳು. ಮೊದಲಿನದೇ ಇನ್ನೊಮ್ಮೆ, ಏಳು. ನಾಲ್ಕನೇ ಸಲ ಎರಡನೆಯದೇ ಮತ್ತೆ ಬಂದು, ಅದರ ಬಾಲಕ್ಕೆ ‘ಪ ರಿ’ ಅಂಟಿಕೊಂಡು ಒಂಬತ್ತು ಆಗುತ್ತೆ. ಒಟ್ಟು 30. ಏಳೆಣಿಕೆಯ ಮಿಶ್ರ ಚಾಪು ತಾಳ ಹಾಕ್ತಾ ಕೂತವರ ಕೈ ತಪ್ಪೋದು ಇಲ್ಲೇ. ಕೆಳಗಿನ ಪಂಚಮ (ಪ) ಮಾತ್ರ ಬಿಡದೆ ಬಂದು ಬಂದು ಕುಟುಕುತ್ತೆ.

ಇದರಲ್ಲಿ ಪಾಶ್ಚಾತ್ಯ ಕ್ಲಾಸಿಕಲ್ ಸಂಗೀತದ ಪ್ರಭಾವ ಇದೆ, ಹಾಗಂತ ಪಿಟೀಲುಗಳ ಸಾಲು ಹುಡುಕಬೇಡಿ. ಅದು ಸಂಗೀತವನ್ನ ಕಟ್ಟಿದ ರೀತಿಯಲ್ಲಿದೆ. ಮೊದಲ ಭಾಗದ 17ನೇ ನಿಮಿಷದ ಆಚೆಈಚೆ ಬೇಸ್ ಗಿಟಾರ್ ಒಂದು ಸಾಲು ಹಿಡಿದು ಅದನ್ನೇ ಸುತ್ತುತ್ತೆ. ಅದರ ಮೇಲೆ ನಿರೂಪಕ ವಿವಿಯನ್ ಸ್ಟ್ಯಾನ್‌ಶಲ್ ಒಂದೊಂದೇ ವಾದ್ಯದ ಹೆಸರು ಕೂಗ್ತಾರೆ, ಆ ವಾದ್ಯ ಬಂದು ರಾಗ ನುಡಿಸುತ್ತೆ. ಫ್ರೆಂಚ್ ಸಂಯೋಜಕ ರವೆಲ್ ಅವರ ‘ಬೊಲೆರೊ’ ಕೇಳಿದವರಿಗೆ, ಒಂದೇ ರಾಗವನ್ನ ವಾದ್ಯದಿಂದ ವಾದ್ಯಕ್ಕೆ ದಾಟಿಸೋ ಈ ಉಪಾಯ ಹೊಸದಲ್ಲ. ಎಲ್ಲರೂ ಹೆಸರು ಕೇಳ್ತಾ ಕೂರ್ತಾರೆ. ನೀವು ಬೇಸ್ ಹಿಡಿದುಕೊಳ್ಳಿ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಸತ್ತೇ ಹೋಗುತ್ತೆ, ಆಗ ಉಳಿಯೋದು ಬರೀ ಹಾಜರಿ ಪುಸ್ತಕ. ಹೆಡ್‌ಫೋನ್ ಬೇಕೇ ಬೇಕು.

ಅಲ್ಲಿ ‘ಡಬಲ್ ಸ್ಪೀಡ್ ಗಿಟಾರ್’ ಅಂತ ಬರುತ್ತಲ್ಲ, ಅದು ಬೇರೆ ಜಾತಿಯ ಗಿಟಾರ್ ಏನಲ್ಲ. ಟೇಪನ್ನ ಅರ್ಧ ವೇಗದಲ್ಲಿ ಓಡಿಸಿ ರೆಕಾರ್ಡ್ ಮಾಡಿ, ಪೂರ್ತಿ ವೇಗದಲ್ಲಿ ಕೇಳಿಸೋದು. ಸ್ಥಾಯಿ ಒಂದು ಮೇಲೇರುತ್ತೆ, ದನಿ ಮ್ಯಾಂಡೊಲಿನ್ ತರ ತೆಳ್ಳಗಾಗುತ್ತೆ.

ವಾಲ್ಯೂಮ್ ಶುರುವಿನ ಪಿಯಾನೊಗೆ ಹೊಂದಿಸಬೇಡಿ, ಮೊದಲ ಭಾಗದ ಕಡೆಗೆ ಬಾರಿಸೋ ಕೊಳವೆ ಗಂಟೆಗೆ (ಅದೇ ಟ್ಯೂಬ್ಯುಲರ್ ಬೆಲ್ಸ್) ಹೊಂದಿಸಿ. ಇಲ್ಲದಿದ್ರೆ ಗಂಟೆ ಬಿದ್ದಾಗ ಕಿವಿ ಮುಚ್ಚಿಕೊಳ್ತೀರಿ.

ಎರಡನೇ ಭಾಗ? ಸಡಿಲ ಅನ್ನೋದೇ ನಮ್ಮ ಅಭಿಪ್ರಾಯ. ನಡುವೆ ಗುಹಾಮಾನವನ ಗುರುಗುಟ್ಟುವಿಕೆ, ಕಡೆಗೆ ನಾವಿಕರ ಕುಣಿತದ ಧಾಟಿ. ಮೊದಲ ಸಲ ಬಿಟ್ಟರೂ ನಷ್ಟವಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಹೆಸರು ಕೂಗೋ ದನಿ ಹಾಸ್ಯನಟ ಜಾನ್ ಕ್ಲೀಸ್ ಅವರದಾಗಿದ್ರೆ, ನೀವು ಹಾಕಿರೋದು 2003ರ ಮರುಧ್ವನಿಮುದ್ರಣ. ಅದರಲ್ಲಿ ಟ್ರ್ಯಾಕ್‌ಗಳು ತುಂಡು ತುಂಡು. ಷಫಲ್ ಆನ್ ಇದ್ರೆ ಪಿಯಾನೊ ಮುಗಿಯೋಕೂ ಮುಂಚೆ ಗಂಟೆ ಬಾರಿಸಿಬಿಡಬಹುದು.