ಸಂಜೆ ಆರಕ್ಕೆ ಬರುವ ಕಟ್ಟು

ಕೇಳುಗರೆ, ನಮಸ್ಕಾರ. ಬ್ಯಾರಿಸ್ಟರ್, ಅಂದರೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ವಾದಿಸುವ ವಕೀಲ, ಎಂದೊಡನೆ ನಮಗೆ ನೆನಪಾಗುವವರು ಗಾಂಧೀಜಿ, ಅಂಬೇಡ್ಕರ್. ಗಾಂಧೀಜಿ ಲಂಡನ್ನಿನ ಇನ್ನರ್ ಟೆಂಪಲ್ ಎಂಬ 'ಇನ್', ಅಂದರೆ ಬ್ಯಾರಿಸ್ಟರುಗಳ ಸಂಘ, ಸೇರಿ 1891ರಲ್ಲಿ ಬ್ಯಾರಿಸ್ಟರ್ ಆದರು; ಅಂಬೇಡ್ಕರ್ ಗ್ರೇಸ್ ಇನ್‌ನವರು. ಇನ್‌ನ ಪಂಕ್ತಿಯಲ್ಲಿ ಇಂತಿಷ್ಟು ಸಲ ಊಟಕ್ಕೆ ಕೂರುವುದೂ ಆಗ ಅರ್ಹತೆಯ ಒಂದು ಭಾಗವೇ ಆಗಿತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಗಲೂ ನಾಲ್ಕು ಇನ್‌ಗಳಲ್ಲಿ ಒಂದನ್ನು ಸೇರಲೇಬೇಕು. ಪದವಿ, ಬಾರ್ ಕೋರ್ಸ್ ಮುಗಿಸಿದರೆ ಬಿರುದು ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಅದಕ್ಕೆ 'ಪ್ಯೂಪಿಲೇಜ್' ಎಂಬ ಹನ್ನೆರಡು ತಿಂಗಳ ಶಿಷ್ಯವೃತ್ತಿ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಸ್ಥಾನಗಳು ಬಹಳ ಕಡಿಮೆ.

ಮೊದಲ ಆರು ತಿಂಗಳು ಹಿರಿಯರ ಬೆನ್ನಿಗೆ ಬಿದ್ದು ಕೇಸಿನ ಕಟ್ಟು ಓದುವುದು, ಅಭಿಪ್ರಾಯ ಬರೆದು ತಿದ್ದಿಸಿಕೊಳ್ಳುವುದು. ವಾದಿಸುವಂತಿಲ್ಲ. ಎರಡನೆಯ ಆರರಲ್ಲಿ ತಾತ್ಕಾಲಿಕ ಸನ್ನದು, ಸ್ವಂತ ಕೇಸು. ಒಂದು ಕಾಲಕ್ಕೆ ಶಿಷ್ಯನೇ ಗುರುವಿಗೆ ನೂರು ಗಿನಿ ಕೊಡಬೇಕಿತ್ತು. ಈಗ ಚೇಂಬರ್ಸೇ, ಅಂದರೆ ಬ್ಯಾರಿಸ್ಟರುಗಳು ಹಂಚಿಕೊಂಡಿರುವ ಕಚೇರಿಯೇ, ಶಿಷ್ಯನಿಗೆ ಕನಿಷ್ಠ ಭತ್ಯೆ ಕೊಡಬೇಕು.

ಕ್ರಿಮಿನಲ್ ಕೇಸು ನಡೆಸುವ ಕಿರಿಯ ಬ್ಯಾರಿಸ್ಟರುಗಳ ದಿನ ಶುರುವಾಗುವುದು ಹಿಂದಿನ ಸಂಜೆ. ಆರರ ಹೊತ್ತಿಗೆ ಚೇಂಬರ್ಸ್‌ನ ಗುಮಾಸ್ತರ ಫೋನು: ನಾಳೆ ಬೆಳಿಗ್ಗೆ ಯಾವುದೋ ದೂರದ ಊರಿನ ಕೋರ್ಟು, ಇನ್ನೊಬ್ಬರು ಕೈಬಿಟ್ಟ ಕೇಸು. ಕಟ್ಟು ತೆರೆದೊಡನೆ ಆರೋಪಿ ಜೈಲಿನಲ್ಲಿದ್ದಾನೆಯೇ ಎಂದು ನೋಡಬೇಕು. ಇದ್ದರೆ ದಿನ ಎಣಿಸಬೇಕು. ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕ್ರೌನ್ ಕೋರ್ಟಿಗೆ ಕಳುಹಿಸಿದ ಮೇಲೆ ವಿಚಾರಣೆ ಶುರುವಾಗುವವರೆಗೆ ಸಾಮಾನ್ಯವಾಗಿ 182 ದಿನ ಮಾತ್ರ ಸೆರೆಯಲ್ಲಿಡಬಹುದು; ಗಡುವಿಗೆ ಮುಂಚೆಯೇ ಪ್ರಾಸಿಕ್ಯೂಷನ್ ವಿಸ್ತರಣೆ ಕೇಳದಿದ್ದರೆ ಜಾಮೀನಿನ ದಾರಿ ತೆರೆಯುತ್ತದೆ. ಈ ಲೆಕ್ಕ ತಪ್ಪಿದ ಕಿರಿಯರು ಗೆಲ್ಲಬಹುದಾದದ್ದನ್ನು ಕೇಳದೆಯೇ ಬಂದಿರುತ್ತಾರೆ.

ಬೆಳಿಗ್ಗೆ ಕಲಾಪಕ್ಕೆ ಒಂದು ಗಂಟೆ ಮೊದಲೇ ಹೋಗಬೇಕು, ಕಕ್ಷಿದಾರನನ್ನು ಕೋರ್ಟಿನ ಕೆಳಗಿನ ಕೋಣೆಯಲ್ಲಿ ಕಾಣಬೇಕು. ಕುದುರೆಕೂದಲಿನ ವಿಗ್ ಕ್ರೌನ್ ಕೋರ್ಟಿಗೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅದು ಚೀಲದಲ್ಲೇ ಇರಲಿ. ತಪ್ಪೊಪ್ಪಿಗೆಯ ಬಗ್ಗೆ ಏನು ಸಲಹೆ ಕೊಟ್ಟಿರಿ ಎಂಬುದನ್ನು ಬರೆದು ಆತನ ಸಹಿ ಪಡೆಯಿರಿ. 'ವಕೀಲರೇ ಒಪ್ಪಿಸಿದರು' ಎಂಬ ದೂರು ತಿಂಗಳುಗಳ ನಂತರ ಬಂದರೆ ನೆರವಿಗೆ ಬರುವುದು ಆ ಹಾಳೆ. ಆದೇಶವೇನು, ಮುಂದಿನ ತಾರೀಖು ಯಾವುದು ಎಂಬ ಟಿಪ್ಪಣಿ ಅದೇ ದಿನ ಸಾಲಿಸಿಟರಿಗೆ, ಅಂದರೆ ಕೇಸು ಒಪ್ಪಿಸಿದ ವಕೀಲರಿಗೆ, ತಲುಪಬೇಕು.

ಶಿಷ್ಯವೃತ್ತಿಯ ಭತ್ಯೆ ಬಿಟ್ಟರೆ ಸಂಬಳವೆಂಬುದಿಲ್ಲ. ಫೀಸು ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ರೈಲಿನ ದುಡ್ಡು ಮಾತ್ರ ಅಂದೇ ಕೈಬಿಡುತ್ತದೆ. ಬಂದದ್ದರಲ್ಲಿ ಚೇಂಬರ್ಸ್‌ನ ಪಾಲು, ವಿಮೆ. ಜನವರಿ 31ರ ತೆರಿಗೆಗೆ ಬೇರೆ ಖಾತೆಯಲ್ಲಿ ಹಣ ಎತ್ತಿಡದವರು ಮೊದಲ ವರ್ಷವೇ ಸಾಲಕ್ಕೆ ಬೀಳುತ್ತಾರೆ. ಕಾನೂನು ನೆರವಿನ ಫೀಸು ಸಾಲದೆಂದು 2022ರಲ್ಲಿ ಕ್ರಿಮಿನಲ್ ಬ್ಯಾರಿಸ್ಟರುಗಳು ಮುಷ್ಕರವನ್ನೇ ಹೂಡಿದ್ದರು.

ವರ್ಷ ತುಂಬಿದಾಗ ಚೇಂಬರ್ಸ್‌ನ ಸದಸ್ಯರು ಸೇರಿ ಶಿಷ್ಯನನ್ನು ಉಳಿಸಿಕೊಳ್ಳಬೇಕೇ ಎಂದು ನಿರ್ಧರಿಸುತ್ತಾರೆ. ಬೇಡವೆಂದರೆ ಬೇರೆ ಚೇಂಬರ್ಸ್ ಹುಡುಕಿ ಇನ್ನೂ ಆರು ತಿಂಗಳು ದುಡಿಯುವವರಿದ್ದಾರೆ. ಅದಕ್ಕೆ 'ಮೂರನೆಯ ಆರು' ಎಂದೇ ಹೆಸರು. ಉಳಿದುಕೊಂಡರೂ, ಕಿಂಗ್ಸ್ ಕೌನ್ಸೆಲ್ ಎಂಬ ಹಿರಿಯ ವಕೀಲರ ಪಟ್ಟ ಸಿಗುವ ತನಕ, ತಲೆ ನರೆತರೂ ಅವರು 'ಜೂನಿಯರ್'.